ಹೊಳೆ ತಳ್ಳುತ್ತದೆ, ಕಡಲು ತೂಗುತ್ತದೆ

ಕಾಪು ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಬಂಡೆಯ ಮೇಲೆ ನಿಂತಿರುವ ದೀಪಸ್ತಂಭ. 1901ರಲ್ಲಿ ಕಟ್ಟಿದ ಅದನ್ನು ನೋಡಲು ಬಂದವರು ಮರಳಿನಲ್ಲಿ ಓಡಾಡಿ, ಅಲೆಗೆ ಕಾಲೊಡ್ಡಿ ಊರಿಗೆ ಮರಳುತ್ತಾರೆ. ಈ ಕರಾವಳಿಯ ಇನ್ನೊಂದು ವಿಶೇಷವನ್ನು ನೋಡಬೇಕಾದರೆ ಅಲ್ಲಿಂದ ಉತ್ತರಕ್ಕೋ ದಕ್ಷಿಣಕ್ಕೋ ಸ್ವಲ್ಪ ದೂರ ಹೋಗಬೇಕು. ಉತ್ತರದಲ್ಲಿ ಉದ್ಯಾವರ ಹೊಳೆ ಇದೆ. ಪಾಪನಾಶಿನಿ ಎಂದೂ ಅದಕ್ಕೆ ಹೆಸರು. ಕಡಲು ಕೈಗೆಟಕುವಷ್ಟು ಹತ್ತಿರ ಬಂದ ಮೇಲೂ ಅದು ನೇರವಾಗಿ ಕಡಲಿಗೆ ಇಳಿಯುವುದಿಲ್ಲ. ಪಡುಕೆರೆಯ ಉದ್ದನೆಯ ಮರಳಿನ ಪಟ್ಟಿಯ ಹಿಂದೆ ಕಡಲಿಗೆ ಸಮನಾಗಿ ಸಾಗಿ, ಮಲ್ಪೆಯಲ್ಲಿ ಸಮುದ್ರ ಸೇರುತ್ತದೆ. ದಕ್ಷಿಣದಲ್ಲಿ ಶಾಂಭವಿ. ಹೆಜಮಾಡಿ ಕೋಡಿಯ ಬಳಿ ಅದು ನಂದಿನಿಯನ್ನು ಜೊತೆಗೂಡಿಸಿಕೊಂಡು ಕಡಲಿಗೆ ಸೇರುತ್ತದೆ. ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಕೂಡುವ ಇಂಥ ಜಾಗಕ್ಕೆ ಕನ್ನಡದಲ್ಲಿ ಚೆಂದದ ಹೆಸರೊಂದಿದೆ: ಅಳಿವೆ.

‘ನದಿ ಸಮುದ್ರವನ್ನು ಸೇರುತ್ತದೆ’ ಎಂದು ಶಾಲೆಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಓದಿ ಮುಗಿಸುತ್ತೇವೆ. ಎಲ್ಲಿ ಸೇರುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಜುಲೈ ತಿಂಗಳಿನಲ್ಲಿ ಕೇಳಿದರೆ ಒಂದು ಜಾಗ, ಏಪ್ರಿಲ್‌ನಲ್ಲಿ ಕೇಳಿದರೆ ಇನ್ನೊಂದು. ಒಂದೇ ದಿನದಲ್ಲಿ ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಮತ್ತೊಂದು ಕಡೆ. ಉಪ್ಪು ಮತ್ತು ಸಿಹಿಯ ಈ ಗಡಿ ಹಗಲಿರುಳೂ ಚಲಿಸುತ್ತಲೇ ಇರುತ್ತದೆ. ಮಟ್ಟುವಿನ ಗುಳ್ಳದ ಗದ್ದೆ, ಹೊಳೆಬದಿಯ ಬಾವಿ, ಕೆಸರಿನೊಳಗಿನ ಮರುವಾಯಿ, ಮರಿಯಿಡಲು ಒಳಬರುವ ಮೀನು ಎಲ್ಲವೂ ಈ ಗಡಿ ಎಲ್ಲಿದೆ ಎಂಬುದನ್ನು ನಂಬಿಕೊಂಡಿವೆ. ಗಡಿಯನ್ನು ಅತ್ತ ಇತ್ತ ಸರಿಸುವ ದೊಡ್ಡ ಕೈ ಯಾರದು? ಹೊಳೆಯಲ್ಲಿ ಹರಿದು ಬರುವ ನೀರಿನದು.

ಲೋಟದಲ್ಲೊಂದು ಅಳಿವೆ

ಮೊದಲು ಅಡುಗೆಮನೆಯಲ್ಲೇ ಒಂದು ಪ್ರಯೋಗ ಮಾಡೋಣ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು ಹಾಕಿ ಚೆನ್ನಾಗಿ ಕರಗಿಸಿ. ಕಡಲಿನ ನೀರಿನಲ್ಲೂ ಹೆಚ್ಚುಕಡಿಮೆ ಇಷ್ಟೇ ಉಪ್ಪು, ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ. ಉದ್ದನೆಯ ಗಾಜಿನ ಲೋಟದಲ್ಲಿ ಅರ್ಧದಷ್ಟು ಈ ನೀರು ತುಂಬಿ. ಇನ್ನೊಂದು ಪಾತ್ರೆಯಲ್ಲಿ ಸಿಹಿನೀರಿಗೆ ಎರಡು ಹನಿ ಶಾಯಿ ಹಾಕಿ. ಈಗ ಒಂದು ಚಮಚವನ್ನು ಬೋರಲು ಹಿಡಿದು, ಅದರ ಬೆನ್ನಿನ ಮೇಲಿಂದ ಬಣ್ಣದ ನೀರನ್ನು ನಿಧಾನವಾಗಿ ಲೋಟಕ್ಕೆ ಇಳಿಸಿ. ಬಣ್ಣದ ನೀರು ಕೆಳಗಿಳಿಯದೆ ಮೇಲೆಯೇ ಪದರವಾಗಿ ನಿಲ್ಲುತ್ತದೆ. ಅಲುಗಾಡಿಸದೆ ಇಟ್ಟರೆ ಬಹಳ ಹೊತ್ತು ಹಾಗೆಯೇ ಇರುತ್ತದೆ.

ಕಾರಣ ತೂಕ. ಒಂದು ಲೀಟರ್ ಸಿಹಿನೀರಿಗಿಂತ ಒಂದು ಲೀಟರ್ ಕಡಲ ನೀರು 20ರಿಂದ 25 ಗ್ರಾಂ ಹೆಚ್ಚು ತೂಗುತ್ತದೆ. ವ್ಯತ್ಯಾಸ ಸಣ್ಣದು. ಆದರೆ ಹಗುರವಾದ ನೀರು ಮೇಲೆ, ಭಾರದ ನೀರು ಕೆಳಗೆ ಎಂದು ಬೇರೆಬೇರೆಯಾಗಿ ನಿಲ್ಲಲು ಅಷ್ಟೇ ಸಾಕು.

ಈಗ ಲೋಟವನ್ನು ಮೆಲ್ಲಗೆ ಅತ್ತಿತ್ತ ತೂಗಿ. ಪದರಗಳ ನಡುವಿನ ಗೆರೆ ಮಸುಕಾಗುತ್ತದೆ. ಚಮಚ ಹಾಕಿ ಕಲಕಿದರೆ ಎಲ್ಲವೂ ಒಂದಾಗುತ್ತದೆ. ಅಳಿವೆಯಲ್ಲಿ ಆಗುವುದೂ ಇಷ್ಟೇ. ಮೇಲಿನಿಂದ ಸಿಹಿನೀರು ಸುರಿಯುವುದು ಹೊಳೆ. ಲೋಟ ತೂಗುವುದು ಕಡಲಿನ ಉಬ್ಬರವಿಳಿತ. ಹೊಳೆಯ ಸುರಿತ ಜೋರಾಗಿದ್ದರೆ ಪದರ ಉಳಿಯುತ್ತದೆ. ಸುರಿತ ಸಣ್ಣದಾಗಿ ತೂಗಾಟವೇ ಮೇಲಾದರೆ ನೀರು ಕಲೆತುಹೋಗುತ್ತದೆ.

ಕಡಲಿನ ತೊಟ್ಟಿಲು

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಕಡಲು ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದಿನ ಉಬ್ಬರ ನಾಳೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಉಬ್ಬರ ದೊಡ್ಡದು, ಅಷ್ಟಮಿಯ ಸುತ್ತ ಸಣ್ಣದು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನಷ್ಟು ಏರಿಳಿಯುವುದುಂಟು. ನಮ್ಮ ಮಲ್ಪೆ, ಹೆಜಮಾಡಿಗಳ ಕಡೆ ಅದು ಒಂದರಿಂದ ಒಂದೂವರೆ ಮೀಟರಿನ ಆಸುಪಾಸು. ನಮ್ಮ ಕಡಲಿನ ತೂಗಾಟ ಮೆತ್ತನೆಯದು. ಆದ್ದರಿಂದಲೇ ಇಲ್ಲಿ ಹೊಳೆಯ ನೀರಿನ ಹೆಚ್ಚುಕಡಿಮೆ ಬೇಗ ಎದ್ದು ಕಾಣುತ್ತದೆ.

ಉಬ್ಬರವಿಳಿತವನ್ನು ತೊಟ್ಟಿಲಿಗೆ ಹೋಲಿಸಬಹುದು. ತೊಟ್ಟಿಲನ್ನು ಎಷ್ಟು ತೂಗಿದರೂ ಮಗು ಅದೇ ಕೋಣೆಯಲ್ಲಿರುತ್ತದೆ. ಮಗುವನ್ನು ಹೊರಗೆ ಕರೆದೊಯ್ಯಬೇಕಾದರೆ ಯಾರಾದರೂ ಎತ್ತಿಕೊಳ್ಳಬೇಕು. ಅಳಿವೆಯ ನೀರನ್ನು ಎತ್ತಿಕೊಂಡು ಹೋಗುವ ಕೆಲಸ ಬಹುಪಾಲು ಹೊಳೆಯದು. ಇಳಿತದಲ್ಲಿ ಹೊರಹೋದ ನೀರಿನಲ್ಲಿ ಒಂದು ಪಾಲು ಮುಂದಿನ ಉಬ್ಬರದಲ್ಲಿ ಮತ್ತೆ ಒಳಗೆ ಬರುತ್ತದೆ. ಹಿಂದಿನಿಂದ ಹೊಳೆ ತಳ್ಳುತ್ತಿದ್ದರೆ ಮಾತ್ರ ಅದು ಬೇಗನೆ ಕಡಲಿನ ಪಾಲಾಗುತ್ತದೆ.

ಒಂದೇ ಹೊಳೆಗೆ ಮೂರು ರೂಪ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಘಟ್ಟಕ್ಕೂ ಕಡಲಿಗೂ ನಡುವಿನ ದೂರ ಕಡಿಮೆ. ಹಾಗಾಗಿ ಇಲ್ಲಿನ ಹೊಳೆಗಳು ಬೇಗ ಉಕ್ಕುತ್ತವೆ, ಬೇಗ ಸೊರಗುತ್ತವೆ.

ಆಟಿ ತಿಂಗಳ ಹೊಳೆಯನ್ನು ನೋಡಿ. ಕೆಂಪು ಮಣ್ಣಿನ ನೀರು ಅಳಿವೆಯ ಬಾಗಿಲಿನಿಂದ ಆಚೆಗೂ ನುಗ್ಗಿ, ಕಡಲಿನ ಮೇಲೆ ಕಂದು ಪಟ್ಟಿಯಾಗಿ ಹರಡುತ್ತದೆ. ಅಳಿವೆಯ ಮೇಲಿನ ನೀರು ಪೂರ್ತಿ ಚಪ್ಪೆ. ಕಡಲ ನೀರು ಒಳಬಂದರೂ ತಳದಲ್ಲಿ ಬೆಣೆಯಂತೆ ತೆಳ್ಳಗೆ ನುಸುಳಿ ಬರಬೇಕು. ದೊಡ್ಡ ನೆರೆಯ ದಿನ ಆ ಬೆಣೆಗೂ ಎಡೆಯಿರುವುದಿಲ್ಲ.

ಅಕ್ಟೋಬರ್, ನವೆಂಬರ್ ಹೊತ್ತಿಗೆ ಹೊಳೆ ಇಳಿದು ಕಡಲು ಒಳಗೆ ಕಾಲಿಡುತ್ತದೆ. ಆಗ ಮೇಲೆ ಕಡಿಮೆ ಉಪ್ಪು, ಕೆಳಗೆ ಹೆಚ್ಚು ಉಪ್ಪು. ಮೇಲಿನ ನೀರು ಕಡಲಿನ ಕಡೆಗೆ, ತಳದ ನೀರು ನಾಡಿನ ಕಡೆಗೆ ಸಾಗುವ ವಿಚಿತ್ರವೂ ಇದೇ ಕಾಲದಲ್ಲಿ ನಡೆಯುತ್ತದೆ. ಸಿಗಡಿ ಮರಿಯಂಥ ಪುಟ್ಟ ಜೀವಿಗಳಿಗೆ ತಳದ ಈ ಹರಿವು ಒಳಗೆ ಬರುವ ಬಿಟ್ಟಿ ದೋಣಿ ಇದ್ದಂತೆ.

ಫೆಬ್ರವರಿ ಕಳೆಯಿತೆಂದರೆ ಮೂರನೆಯ ರೂಪ. ಮೇಲಿನಿಂದ ಬರುವ ನೀರು ಸಣ್ಣ ತೋಡಿನಷ್ಟಾಗಿರುತ್ತದೆ. ಕಡಲೇ ಅಳಿವೆಯ ಯಜಮಾನ. ಮೇಲಿಂದ ತಳದವರೆಗೆ ನೀರು ಒಂದೇ ಸಮನೆ ಉಪ್ಪಾಗಿ, ಹೊಳೆಯುದ್ದಕ್ಕೂ ಕಿಲೋಮೀಟರುಗಟ್ಟಲೆ ಮೇಲೇರುತ್ತದೆ. ಸೇತುವೆಯ ಮೇಲೆ ನಿಂತು ನೀರಿನಲ್ಲಿ ತೇಲುವ ತೆಂಗಿನ ಸಿಪ್ಪೆಯೊಂದನ್ನು ಗಮನಿಸಿದರೆ, ಉಬ್ಬರದ ಹೊತ್ತಿಗೆ ಅದು ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ಹೊರಟಿರುವುದು ಕಾಣುತ್ತದೆ.

ಮಲ್ಪೆಯಂಥ ಅಳಿವೆ ಬಂದರುಗಳಲ್ಲಿ ಆಗಾಗ ಹೂಳೆತ್ತಬೇಕಾಗುವುದಕ್ಕೂ ಈ ಮಿಶ್ರಣಕ್ಕೂ ನಂಟಿದೆ. ಹೊಳೆ ತರುವ ನಯವಾದ ಮಣ್ಣಿನ ಕಣಗಳು ಸಿಹಿನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತವೆ. ಉಪ್ಪು ಸೋಕಿದೊಡನೆ ಆ ತಳ್ಳಾಟ ನಿಂತು ಕಣಗಳು ಅಂಟಿಕೊಳ್ಳುತ್ತವೆ, ಭಾರವಾಗಿ ತಳ ಸೇರುತ್ತವೆ. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ನೀರು ನಿಧಾನವಾಗುವುದರಿಂದ ಅಲ್ಲೂ ಕೆಸರು ಕೂಡುತ್ತದೆ. ಏಡಿ, ಮರುವಾಯಿಗಳಿಗೆ ಅದೇ ಮನೆ.

ಕೊಳೆ ಎಷ್ಟು ದಿನ ನಿಲ್ಲುತ್ತದೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಅಳಿವೆಯ ನೀರು ಶುದ್ಧವಾಗಿದೆಯೋ ಇಲ್ಲವೋ ಎಂಬುದು ಅದಕ್ಕೆ ಎಷ್ಟು ಕೊಳೆ ಬೀಳುತ್ತದೆ ಎಂಬುದರ ಮೇಲೆ ಮಾತ್ರ ನಿಂತಿಲ್ಲ. ಬಿದ್ದ ಕೊಳೆ ಎಷ್ಟು ದಿನ ಅಲ್ಲೇ ಉಳಿಯುತ್ತದೆ ಎಂಬುದೂ ಅಷ್ಟೇ ಮುಖ್ಯ.

ಸುಮ್ಮನೆ ಒಂದು ಲೆಕ್ಕ ಹಾಕೋಣ. ಒಂದು ಅಳಿವೆಯಲ್ಲಿ 20 ಲಕ್ಷ ಘನ ಮೀಟರ್ ನೀರು ಹಿಡಿಯುತ್ತದೆ ಎಂದುಕೊಳ್ಳಿ. ಮಳೆಗಾಲದಲ್ಲಿ ಹೊಳೆ ಸೆಕೆಂಡಿಗೆ 200 ಘನ ಮೀಟರ್ ನೀರು ತಂದರೆ, ಅಳಿವೆ ತುಂಬುವಷ್ಟು ಹೊಸ ನೀರು ಬರಲು 10,000 ಸೆಕೆಂಡು ಸಾಕು. ಅಂದರೆ ಮೂರು ಗಂಟೆಯೂ ಬೇಡ. ಬೇಸಿಗೆಯಲ್ಲಿ ಅದೇ ಹೊಳೆ ಸೆಕೆಂಡಿಗೆ ಅರ್ಧ ಘನ ಮೀಟರ್ ಮಾತ್ರ ತಂದರೆ 40 ಲಕ್ಷ ಸೆಕೆಂಡು ಬೇಕು. ಅದು 46 ದಿನ! ಬೇಸಿಗೆಯಲ್ಲಿ ಉಬ್ಬರವಿಳಿತವೂ ಒಂದಿಷ್ಟು ತೊಳೆಯುವುದರಿಂದ ನಿಜದಲ್ಲಿ ಅಷ್ಟು ದಿನ ಬೇಕಾಗದು. ಆದರೂ ಗಂಟೆಗಳ ಕೆಲಸ ದಿನಗಳಿಗೆ, ವಾರಗಳಿಗೆ ಬೆಳೆಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಮೋರಿಯೊಂದು ಜುಲೈ ತಿಂಗಳಿನಲ್ಲೂ ಏಪ್ರಿಲ್‌ನಲ್ಲೂ ಅಷ್ಟೇ ಕೊಳಚೆ ಸುರಿಯುತ್ತದೆ ಎಂದಿಟ್ಟುಕೊಳ್ಳಿ. ಜುಲೈ ತಿಂಗಳಿನಲ್ಲಿ ಅದು ಯಾರ ಗಮನಕ್ಕೂ ಬಾರದೆ ಕೊಚ್ಚಿಹೋಗುತ್ತದೆ. ಏಪ್ರಿಲ್‌ನಲ್ಲಿ ಉಬ್ಬರದೊಡನೆ ಮೇಲೆ, ಇಳಿತದೊಡನೆ ಕೆಳಗೆ ಓಡಾಡುತ್ತಾ ಅಲ್ಲೇ ಉಳಿಯುತ್ತದೆ. ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಬಿಸಿಯಾದ, ಉಪ್ಪಾದ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. 28 ಡಿಗ್ರಿ ಬಿಸಿಯ ಸಿಹಿನೀರಿನಲ್ಲಿ ಹೆಚ್ಚೆಂದರೆ ಲೀಟರಿಗೆ ಸುಮಾರು ಎಂಟು ಮಿಲಿಗ್ರಾಂ ಕರಗಿದರೆ, ಕಡಲ ನೀರಿನಲ್ಲಿ ಆರೂವರೆಯಷ್ಟು. ಅದು ಎರಡಕ್ಕಿಳಿದರೆ ಮೀನುಗಳಿಗೆ ಉಸಿರು ಕಟ್ಟುತ್ತದೆ. ಮೀನು ಈಜಿ ತಪ್ಪಿಸಿಕೊಳ್ಳಬಹುದು, ಕೆಸರಿನಲ್ಲಿ ಹುದುಗಿರುವ ಮರುವಾಯಿ ಎಲ್ಲಿಗೆ ಹೋದೀತು?

ಮೊದಲ ಮಳೆಯ ದಿನಗಳೂ ಅಪಾಯದ ದಿನಗಳೇ. ಬೇಸಿಗೆಯಿಡೀ ಚರಂಡಿ, ತೋಡುಗಳಲ್ಲಿ ಕೂಡಿಟ್ಟ ಕೊಳೆಯನ್ನು ಆ ಮಳೆ ಒಮ್ಮೆಗೇ ಅಳಿವೆಗೆ ಇಳಿಸುತ್ತದೆ. ಹೊಳೆ ಇನ್ನೂ ಪೂರ್ತಿ ಮೈದುಂಬಿರುವುದಿಲ್ಲ.

ಉಡುಪಿ ನಗರದ ಕಲ್ಸಂಕದ ಮೂಲಕ ಹಾದು ಮಲ್ಪೆಯ ಕಡೆ ಸಾಗುವ ಇಂದ್ರಾಣಿ ಹೊಳೆಯ ದಂಡೆಯವರು ಕೊಳಚೆಯ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಬೇಸಿಗೆಯಲ್ಲಿ ಆ ದೂರಿನ ದನಿ ಏರುವುದಕ್ಕೆ ಸೆಖೆಯಷ್ಟೇ ಕಾರಣವಲ್ಲ. ತಳ್ಳಲು ಹಿಂದೆ ನೀರಿಲ್ಲ.

ಲಂಡನ್ ನಗರ ಈ ಪಾಠವನ್ನು ಕಷ್ಟಪಟ್ಟು ಕಲಿತಿತು. 1858ರ ಬಿಸಿಲಿನ ಬೇಸಿಗೆಯಲ್ಲಿ ಥೇಮ್ಸ್ ನದಿಗೆ ಬಿದ್ದ ಊರಿನ ಕೊಳಚೆ ಉಬ್ಬರವಿಳಿತದೊಡನೆ ನಗರದೊಳಗೇ ಓಡಾಡಿತು. ದುರ್ನಾತಕ್ಕೆ ದಂಡೆಯ ಮೇಲಿನ ಸಂಸತ್ ಭವನದ ಕಿಟಕಿ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಬೇಕಾಯಿತು. ಬಳಿಕ ಎಂಜಿನಿಯರ್ ಜೋಸೆಫ್ ಬಾಝಲ್‌ಗೆಟ್ ದೊಡ್ಡ ಕೊಳಚೆ ಸುರಂಗಗಳನ್ನು ಕಟ್ಟಿ, ಕೊಳಚೆಯನ್ನು ನಗರದಿಂದ ಕೆಳಕ್ಕೆ ಒಯ್ದು, ತೊಟ್ಟಿಗಳಲ್ಲಿ ತುಂಬಿಟ್ಟು, ಇಳಿತದ ಹೊತ್ತಿಗೆ ಮಾತ್ರ ಹೊರಬಿಡುವ ಏರ್ಪಾಡು ಮಾಡಿದರು. ನಗರಕ್ಕೆ ನೆಮ್ಮದಿ ಸಿಕ್ಕಿತು, ಅಳಿವೆಗೆ ಸಿಗಲಿಲ್ಲ. ಸುಮಾರು ನೂರು ವರ್ಷಗಳ ಬಳಿಕ, 1957ರಲ್ಲಿ, ಥೇಮ್ಸ್‌ನಲ್ಲಿ ಜೀವವೇ ಇಲ್ಲವೆಂದು ವಿಜ್ಞಾನಿಗಳು ಹೇಳಿದರು. ಕೊಳಚೆಯನ್ನು ಸರಿಯಾಗಿ ಶುದ್ಧೀಕರಿಸಿ ಬಿಡತೊಡಗಿದ ಮೇಲೆಯೇ ಮೀನುಗಳು ಮರಳಿದ್ದು.

ಬಾವಿಯೊಳಗಿನ ಗಡಿ

ಉಪ್ಪು ಮತ್ತು ಸಿಹಿಯ ತಳ್ಳಾಟ ಹೊಳೆಯಲ್ಲಿ ಮಾತ್ರವಲ್ಲ, ನಮ್ಮ ಕಾಲಡಿಯಲ್ಲೂ ನಡೆಯುತ್ತದೆ. ಪಡುಕೆರೆ, ಮಟ್ಟುವಿನಂಥ ಕಡೆ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ. ನಡುವಿನ ಮರಳಿನಲ್ಲಿ ಇಂಗಿದ ಮಳೆನೀರು ಭಾರದ ಉಪ್ಪುನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ. ಬಾವಿಯ ನೀರು ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಸಮುದ್ರ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಹುದು ಎಂಬುದು ಭೂಜಲ ತಜ್ಞರ ಹಳೆಯ ಲೆಕ್ಕ. ಇದರ ಇನ್ನೊಂದು ಮುಖ ಭಯ ಹುಟ್ಟಿಸುತ್ತದೆ. ಪಂಪ್ ಹಾಕಿ ಆ ಒಂದು ಅಡಿಯನ್ನು ಇಳಿಸಿದರೆ ಕೆಳಗಿನಿಂದ 40 ಅಡಿಯ ಸಿಹಿನೀರು ಕಳೆದುಹೋಗಬಹುದು.

ಹೊಳೆಯಲ್ಲಿ ಸಿಹಿನೀರಿದ್ದಷ್ಟು ದಿನ ಪೂರ್ವದ ಕಡೆಯಿಂದ ಬಾವಿಗೆ ಕಾವಲಿರುತ್ತದೆ. ಹೊಳೆಯೇ ಉಪ್ಪಾದರೆ ಬಾವಿಗೆ ಎರಡೂ ಕಡೆಯಿಂದ ಕಡಲು. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಕಡಲ ನೀರಿನಲ್ಲಿ ಅದು ಸುಮಾರು 19,000 ಮಿಲಿಗ್ರಾಂ. ನೂರು ಕೊಡ ಸಿಹಿನೀರಿಗೆ ಒಂದೂವರೆ ಕೊಡ ಕಡಲ ನೀರು ಬೆರೆತರೂ ಆ ಗೆರೆ ದಾಟುತ್ತದೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಮಟ್ಟುಗುಳ್ಳ ಬೆಳೆಯುವುದು ಇಂಥದೇ ಹೊಳೆಬದಿಯ ನೆಲದಲ್ಲಿ. ಮಳೆ ಮುಗಿದ ಮೇಲೆ ನಾಟಿಯಾಗಿ ಬೇಸಿಗೆಯವರೆಗೂ ಕಾಯಿ ಕೊಡುವ ಆ ಗಿಡಕ್ಕೆ ಉಪ್ಪು ಎಲ್ಲಿಯವರೆಗೆ ಬಂತು ಎಂಬುದು ಸಣ್ಣ ಸುದ್ದಿಯಲ್ಲ.

ಹಲಗೆ ಹಾಕಿದರೆ ಸಾಕೆ?

ಹಾಗಾದರೆ ಉಪ್ಪುನೀರನ್ನು ತಡೆದುಬಿಟ್ಟರಾಯಿತಲ್ಲ ಎನ್ನಬಹುದು. ಕರಾವಳಿಯವರು ಅದನ್ನು ಮಾಡುತ್ತಲೇ ಬಂದಿದ್ದಾರೆ. ಹೊಳೆಗೆ ಅಡ್ಡಲಾಗಿ ಕಿಂಡಿ ಅಣೆಕಟ್ಟು ಕಟ್ಟಿ, ಮಳೆ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ, ಮಳೆಗಾಲದ ಮೊದಲು ತೆಗೆಯುತ್ತಾರೆ. ಮೇಲ್ಗಡೆ ಸಿಹಿನೀರು ನಿಲ್ಲುತ್ತದೆ, ಬಾವಿಗಳಿಗೆ ಒರತೆ ಸಿಗುತ್ತದೆ, ಕಡಲ ನೀರು ಒಳಬರುವುದಿಲ್ಲ. ಪಶ್ಚಿಮ ವಾಹಿನಿ ಯೋಜನೆಯಲ್ಲಿ, ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಸರ್ಕಾರವೂ ಇಂಥ ಕಟ್ಟಗಳನ್ನು ಕಟ್ಟಿಸುತ್ತಿದೆ. ಇದರಿಂದ ಆಗುವ ಉಪಕಾರ ದೊಡ್ಡದು.

ಆದರೆ ಕಟ್ಟದ ಕೆಳಗೆ ಏನಾಗುತ್ತದೆ ಎಂದೂ ನೋಡಬೇಕು. ಅಲ್ಲಿಗೆ ಬರುತ್ತಿದ್ದ ಅಲ್ಪಸ್ವಲ್ಪ ಸಿಹಿನೀರೂ ನಿಂತುಹೋದರೆ ಅಳಿವೆ ಕಡಲಿನ ಕೊಲ್ಲಿಯಂತಾಗುತ್ತದೆ. ಕೊಳೆಯನ್ನು ತಳ್ಳುವವರು ಇರುವುದಿಲ್ಲ. ಕಾರ್ಕಳದ ಘಟ್ಟದ ಕಡೆಯಿಂದ ಬರುವ ಸ್ವರ್ಣೆಯನ್ನೇ ನೋಡಿ. ಬಜೆ ಅಣೆಕಟ್ಟಿನಲ್ಲಿ ತಡೆದ ಅದರ ನೀರನ್ನು ಉಡುಪಿ, ಮಣಿಪಾಲಗಳು ಕುಡಿಯುತ್ತವೆ. 2019ರ ಮೇ ತಿಂಗಳಿನಲ್ಲಿ ಅಲ್ಲಿ ನೀರು ತಳ ಕಂಡು ನಗರವೇ ಪರದಾಡಿತು. ಮನುಷ್ಯರಿಗೇ ಸಾಲದ ಹೊತ್ತಿನಲ್ಲಿ ಕೋಡಿ ಬೆಂಗ್ರೆಯ ಅಳಿವೆಗೆ ಪಾಲು ಕೇಳುವವರು ಯಾರು?

ಕೇರಳದ ವೇಂಬನಾಡಿನಲ್ಲಿ 1970ರ ದಶಕದಲ್ಲಿ ಶುರುವಾದ ತಣ್ಣೀರ್‌ಮುಕ್ಕಂ ತಡೆಗೋಡೆಯೂ ಇದನ್ನೇ ಹೇಳುತ್ತದೆ. ಕುಟ್ಟನಾಡಿನ ಭತ್ತದ ಗದ್ದೆಗಳಿಗೆ ಉಪ್ಪು ಬಾರದಂತೆ ಬೇಸಿಗೆಯಲ್ಲಿ ಅದರ ಬಾಗಿಲು ಮುಚ್ಚುತ್ತಾರೆ. ಗದ್ದೆ ಉಳಿಯಿತು. ಆದರೆ ಒಳಗಿನ ನೀರು ನಿಂತಲ್ಲೇ ನಿಂತು ಕೊಳೆ ಕೂಡಿತು, ಉಪ್ಪು ಸೋಕಿದರೆ ಸಾಯುತ್ತಿದ್ದ ನೀರಕಳೆ ಹಬ್ಬಿತು, ಕಡಲಿನಿಂದ ಒಳಬರುತ್ತಿದ್ದ ಮೀನು, ಸಿಗಡಿಗಳಿಗೆ ದಾರಿ ಕಟ್ಟಿತು.

ಹೆಚ್ಚಾದರೂ ಕಷ್ಟ

ಬೇಸಿಗೆಯಲ್ಲೂ ಹೊಳೆ ತುಂಬಿ ಹರಿದರೆ ಎಲ್ಲ ಸರಿಹೋಗುವುದೇ? ಅದಕ್ಕೆ ಉತ್ತರ ಉತ್ತರ ಕನ್ನಡದಲ್ಲಿದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ವಿದ್ಯುತ್ ತಯಾರಿಸಿ ಬಿಡುವ ನೀರು ವರ್ಷವಿಡೀ ಹೊನ್ನಾವರದ ಅಳಿವೆಗೆ ಇಳಿಯತೊಡಗಿತು. ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರಲಿಲ್ಲ. ಉಪ್ಪನ್ನು ನಂಬಿ ಬದುಕುವ ಚಿಪ್ಪುಜೀವಿಗಳು ಅಲ್ಲಿ ಸೊರಗಿದುದನ್ನು, ಕಾಂಡ್ಲಾ ವನದ ಗಿಡಗಳ ಬಗೆಯೂ ಬದಲಾದುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಅದರ ನೆರೆಯಲ್ಲೇ, ಕುಮಟಾದ ಬಳಿ, ದೊಡ್ಡ ಅಣೆಕಟ್ಟೇ ಇಲ್ಲದ ಅಘನಾಶಿನಿ ಮಳೆಗಾಲದಲ್ಲಿ ಸಿಹಿಯಾಗಿ, ಬೇಸಿಗೆಯಲ್ಲಿ ಉಪ್ಪಾಗಿ ತನ್ನ ಪಾಡಿಗೆ ಹರಿಯುತ್ತದೆ. ಅಲ್ಲಿನ ಬಳಚು ಹೆಸರುವಾಸಿ. ಅದನ್ನು ಹೆಕ್ಕಿ ಬದುಕುವ ಮನೆಗಳೂ ಬಹಳ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ತಾಣದ ಮನ್ನಣೆ ದೊರೆಯಿತು.

ಅಂದರೆ ಅಳಿವೆಗೆ ಬೇಕಾದುದು ಹೆಚ್ಚು ನೀರೂ ಅಲ್ಲ, ಕಡಿಮೆ ನೀರೂ ಅಲ್ಲ. ಕಾಲಕ್ಕೆ ತಕ್ಕ ನೀರು. ಮಳೆಗಾಲದ ಭರ್ಜರಿ ತೊಳೆತ, ಬೇಸಿಗೆಯಲ್ಲಿ ಉಪ್ಪಿನ ಸರದಿ, ಆ ಬೇಸಿಗೆಯಲ್ಲೂ ಬತ್ತದೆ ಜಿನುಗುವ ಒಂದಿಷ್ಟು ಸಿಹಿನೀರು. ಇಷ್ಟಕ್ಕೆ ಹೊಂದಿಕೊಂಡೇ ಅಲ್ಲಿನ ಜೀವಗಳು ಬದುಕು ಕಟ್ಟಿಕೊಂಡಿವೆ.

ನಮ್ಮ ಕೈಯಲ್ಲಿ ಏನಿದೆ?

ಕೊಳಚೆಯನ್ನು ಶುದ್ಧೀಕರಿಸದೆ ಬಿಡಬಾರದು ಎಂಬುದು ವರ್ಷವಿಡೀ ಸಲ್ಲುವ ಮಾತು. ಆದರೆ ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಅದಕ್ಕೆ ಇಮ್ಮಡಿ ಎಚ್ಚರ ಬೇಕು. ಪಂಚಾಯಿತಿ, ನಗರಸಭೆಗಳು ಚರಂಡಿಯ ಹೂಳು ತೆಗೆಯುವುದಾದರೆ ಮಳೆ ಬರುವ ಮೊದಲೇ ತೆಗೆದು ದೂರ ಸಾಗಿಸಬೇಕು. ದಂಡೆಯ ಮೇಲೆ ರಾಶಿ ಹಾಕಿದರೆ ಅದು ಮತ್ತೆ ಅಳಿವೆಗೇ ಇಳಿಯುತ್ತದೆ. ಕಿಂಡಿ ಅಣೆಕಟ್ಟಿನ ಹಲಗೆ ಹಾಕುವ ದಿನವನ್ನು ಗೊತ್ತುಮಾಡುವಾಗ ಮೇಲಿನ ಗದ್ದೆಯವರೊಡನೆ ಕೆಳಗಿನ ಮೀನುಗಾರರನ್ನೂ ಕರೆದು ಕೇಳಬೇಕು. ಮನೆಯ ಮಾಡಿನ ಮಳೆನೀರನ್ನು ಅಂಗಳದಲ್ಲೇ ಇಂಗಿಸಿದರೆ ಅದರಲ್ಲಿ ಒಂದು ಪಾಲು ಬೇಸಿಗೆಯಲ್ಲಿ ಒರತೆಯಾಗಿ ಹೊಳೆ ಸೇರುತ್ತದೆ.

ಮಕ್ಕಳಿಗೂ ಇದರಲ್ಲಿ ಕೆಲಸವಿದೆ. ಹೊಳೆಬದಿಯ ಶಾಲೆಯವರು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೆ ಶಾಲೆಯ ಬಾವಿಯ ನೀರಿನ ಮಟ್ಟವನ್ನು ಹಗ್ಗದಿಂದ ಅಳೆದು ಬರೆಯಿರಿ. ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದರ ಅಂಕಿಯನ್ನೂ ಪಕ್ಕದಲ್ಲಿ ಬರೆಯಿರಿ. ಅದೇ ದಿನ ದೊಡ್ಡವರೊಡನೆ ಸೇತುವೆಗೆ ಹೋಗಿ, ನೀರಿಗಿಳಿಯದೆ, ಹೊಳೆಯ ಬಣ್ಣ ಯಾವುದು, ತೇಲುವ ಎಲೆ ಯಾವ ಕಡೆ ಸಾಗುತ್ತಿದೆ, ಗಂಟೆ ಎಷ್ಟು ಎಂದು ಗುರುತು ಹಾಕಿಕೊಳ್ಳಿ. ಒಂದು ವರ್ಷ ತುಂಬುವಾಗ ನಿಮ್ಮ ಊರಿಗೆ ಉಪ್ಪು ಯಾವ ತಿಂಗಳು ಬರುತ್ತದೆ, ಯಾವ ಮಳೆಗೆ ಹಿಂದೆ ಸರಿಯುತ್ತದೆ ಎಂಬುದು ಆ ಪುಟಗಳಲ್ಲಿರುತ್ತದೆ. ಗ್ರಾಮಸಭೆಯಲ್ಲಿ ಹಲಗೆಯ ಮಾತೋ ಮೋರಿಯ ಮಾತೋ ಬಂದ ದಿನ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ.